ಎರಡಡಿ ಕಡಲಿಗೆ ಯಾವ ಫಿಲ್ಟರ್?

ಕಳೆದ ಭಾನುವಾರ ತಂಗಿಯ ಮಗಳು ಒಂದು ಕೊಟೇಶನ್ ಹಿಡಿದು ಮನೆಗೆ ಬಂದಳು. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಎರಡಡಿ ಉದ್ದದ ಟ್ಯಾಂಕ್ ಇಟ್ಟು ಉಪ್ಪುನೀರಿನ ಮೀನು, ನಾಲ್ಕಾರು ಮೆದು ಹವಳ ಸಾಕಬೇಕೆಂಬುದು ಅವಳ ಬಹುದಿನದ ಆಸೆ. ಅಂಗಡಿಯವರು ಬರೆದುಕೊಟ್ಟ ಪಟ್ಟಿಯ ಮೊದಲ ಸಾಲಿನಲ್ಲೇ ದೊಡ್ಡದೊಂದು ಕ್ಯಾನಿಸ್ಟರ್ ಫಿಲ್ಟರ್ ಇತ್ತು. ಅದರೊಳಗೆ ತುಂಬಲು ಮೂರು ಬಗೆಯ ಸ್ಪಂಜು, ಸೆರಾಮಿಕ್ ಉಂಗುರ, ಬಯೋ ಬಾಲ್. ಅದರ ಕೆಳಗೆ ಯುವಿ ದೀಪ, ಪುಟ್ಟ ಸ್ಕಿಮ್ಮರ್, ಬಣ್ಣ ಬದಲಿಸುವ ಎಲ್‌ಇಡಿ. ನೀರು ಎಲ್ಲಿಂದ ಬರಬೇಕು, ಉಪ್ಪನ್ನು ಯಾವುದರಲ್ಲಿ ಅಳೆಯಬೇಕು, ಕರೆಂಟ್ ಹೋದರೆ ಏನು ಗತಿ ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

"ಮಾವ, ದುಡ್ಡು ಸಾಲಲ್ಲ. ಇದರಲ್ಲಿ ಯಾವುದನ್ನ ಬಿಡಲಿ?" ಅಂದಳು.

"ಮೊದಲನೇ ಸಾಲು ಬಿಡು" ಅಂದೆ. ಫಿಲ್ಟರ್ ಇಲ್ಲದೆ ಮೀನು ಬದುಕುತ್ತದೆಯೇ ಎಂದು ಅವಳು ಗಾಬರಿಯಾದಳು. ಸಿಹಿನೀರಿನಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಬಂದವರೆಲ್ಲ ಕೇಳುವ ಪ್ರಶ್ನೆ ಅದು. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಮೀನು ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿಯದು ನೈಟ್ರೇಟ್ ಮಾಡುತ್ತದೆ. ಕ್ಯಾನಿಸ್ಟರ್ ಒಳಗಿನ ಉಂಗುರ, ಚೆಂಡುಗಳು ಈ ಎರಡು ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ತೊಡಕು ಬರುವುದು ಮೂರನೆಯ ಹೆಜ್ಜೆಯಲ್ಲಿ. ನೈಟ್ರೇಟನ್ನು ಸಾರಜನಕದ ಗಾಳಿಯಾಗಿ ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಇಲ್ಲದ ಜಾಗ ಬೇಕು. ಸಾವಿರಾರು ಸಣ್ಣ ರಂಧ್ರಗಳಿರುವ ಕಲ್ಲಿನ ಹೊಟ್ಟೆಯೊಳಗೆ ಅಂಥ ಜಾಗ ಸಿಗುತ್ತದೆ. ನೀರು ರಭಸವಾಗಿ ಹರಿಯುವ ಡಬ್ಬಿಯಲ್ಲಿ ಸಿಗುವುದಿಲ್ಲ. ಜೊತೆಗೆ ಕ್ಯಾನಿಸ್ಟರ್‌ನ ಸ್ಪಂಜಿನಲ್ಲಿ ಸಿಕ್ಕಿಬಿದ್ದ ಕೊಳೆ ಕಣ್ಣಿಗೆ ಬೀಳದೆ ಅಲ್ಲೇ ಕರಗಿ ಮತ್ತೆ ನೀರಿಗೇ ಸೇರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವ ಶಿಸ್ತು ಇರುವವರು ಅದನ್ನು ಇಟ್ಟುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ತೊಳೆಯುವವರಿಗೆ ಅದು ನೈಟ್ರೇಟ್ ಕಾರ್ಖಾನೆ.

ಕಡಲ ಟ್ಯಾಂಕಿಗೆ ಕಲ್ಲೇ ಫಿಲ್ಟರ್ ಎಂಬುದು ಹೊಸ ಮಾತಲ್ಲ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬಾತ ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆ ಬಿಟ್ಟರೆ ಬೇರೇನೂ ಇಲ್ಲದೆ ಹವಳ ಸಾಕಿದ ಬಗೆಯನ್ನು 1961ರಲ್ಲೇ ಅಮೆರಿಕದ 'ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್' ಪತ್ರಿಕೆಯಲ್ಲಿ ಬರೆದಿದ್ದ. ಆಮೇಲೆ ಜರ್ಮನಿಯ ಹವ್ಯಾಸಿಗಳು ಅದಕ್ಕೆ ಸ್ಕಿಮ್ಮರ್, ಪ್ರಖರ ಬೆಳಕು, ಬಲವಾದ ಅಲೆ ಸೇರಿಸಿದರು. ಇವತ್ತಿಗೂ 'ಬರ್ಲಿನ್ ಪದ್ಧತಿ' ಎಂದು ಕರೆಯುವುದು ಅದನ್ನೇ.

ನನ್ನ ಟ್ಯಾಂಕಿನ ದೀಪ ಆರಿ ಎರಡು ಗಂಟೆಯಾದ ಮೇಲೆ, ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಸುತ್ತಿ ಕಲ್ಲಿನ ಹತ್ತಿರ ಹಿಡಿಯುತ್ತೇನೆ. ಹಗಲಿನಲ್ಲಿ ನೇರಳೆ ಬಣ್ಣದ ಬರಿಯ ಕಲ್ಲು ಅದು. ರಾತ್ರಿ ಅದರ ಒಂದೊಂದು ತೂತಿನಿಂದಲೂ ಯಾರೋ ಹೊರಬರುತ್ತಿರುತ್ತಾರೆ. ರಾಗಿಕಾಳಿಗಿಂತ ಚಿಕ್ಕ ಕೋಪೆಪಾಡ್‌ಗಳು ಗಾಜಿನ ಮೇಲೆ ಚಿಮ್ಮಿ ಚಿಮ್ಮಿ ಓಡುತ್ತವೆ. ಅಕ್ಕಿಕಾಳಿನ ಉದ್ದದ, ಬೆನ್ನು ಬಾಗಿದ ಆಂಫಿಪಾಡ್ ಒಂದು ಪಾಚಿಯ ಎಳೆ ಹಿಡಿದು ಕೂತಿರುತ್ತದೆ. ಸುಣ್ಣದ ಕೊಳವೆಯೊಳಗಿನ ಹುಳುವೊಂದು ತಲೆಯ ಮೇಲಿನ ಗರಿಯನ್ನು ಬೀಸಣಿಗೆಯಂತೆ ಬಿಚ್ಚಿ, ನನ್ನ ಬೆರಳಿನ ನೆರಳು ಬಿದ್ದೊಡನೆ ಸರಕ್ಕನೆ ಒಳಕ್ಕೆಳೆದುಕೊಳ್ಳುತ್ತದೆ. ಮೀನು ಬಿಟ್ಟ ಚೂರನ್ನು ತಿಂದು ಮುಗಿಸುವವರು ಇವರೇ. ಇಷ್ಟು ಜನ ಹಗಲಿರುಳು ದುಡಿಯುವ ಫಿಲ್ಟರನ್ನು ಯಾವ ಕಂಪನಿಯೂ ಡಬ್ಬಿಯಲ್ಲಿ ತುಂಬಿ ಕೊಡಲಾರದು.

ಆದರೆ ಕಲ್ಲನ್ನು ಎಲ್ಲಿಂದ ತರುತ್ತೀರಿ ಎಂಬುದು ನಮ್ಮ ದೇಶದಲ್ಲಿ ದೊಡ್ಡ ಪ್ರಶ್ನೆ. ದಿಬ್ಬ ಕಟ್ಟುವ ಕಲ್ಲು ಹವಳಗಳು, ಬೆಂಕಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವಕ್ಕೂ ಇದೆ. ದಡಕ್ಕೆ ಬಂದು ಬಿದ್ದ ಸತ್ತ ಹವಳದ ತುಂಡನ್ನು ಮನೆಗೆ ತರುವುದೂ ತಪ್ಪೇ. ಹಾಗಾಗಿ ಸಮುದ್ರದಿಂದ ಕಿತ್ತು ತಂದ 'ಲೈವ್ ರಾಕ್' ಎಂದು ಯಾರಾದರೂ ತೋರಿಸಿದರೆ ಕೈ ಹಾಕಬೇಡಿ. ಸುಟ್ಟು ಮಾಡಿದ ಸೆರಾಮಿಕ್ ಕಲ್ಲು ಸಿಗುತ್ತದೆ, ಕೆಲವರು ಸಿಮೆಂಟು, ಅರಗೊನೈಟ್ ಮರಳು ಬೆರೆಸಿ ತಾವೇ ಮಾಡಿಕೊಳ್ಳುತ್ತಾರೆ. ಇವು ಬಂದಾಗ ಸತ್ತ ಕಲ್ಲುಗಳೇ ನಿಜ. ಹಳೆಯ, ರೋಗವಿಲ್ಲದ ಟ್ಯಾಂಕಿನಿಂದ ಒಂದು ಹಿಡಿ ಮರಳನ್ನೋ ಅಂಗೈಯಗಲದ ಕಲ್ಲನ್ನೋ ತಂದು ಇವುಗಳ ನಡುವೆ ಇಟ್ಟರೆ ಸಾಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಜೀವ ಹರಡಿಕೊಳ್ಳುತ್ತದೆ. ಅದಕ್ಕೆ ತಗಲುವ ನಾಲ್ಕರಿಂದ ಆರು ವಾರ ಕಾಯಲೇಬೇಕು. ನೂರು ಲೀಟರ್ ನೀರಿಗೆ ಹತ್ತು, ಹನ್ನೆರಡು ಕೆಜಿ ಕಲ್ಲು ಸಾಕು. ಗೋಡೆಯಂತೆ ಪೇರಿಸದೆ, ಹಿಂದೆ ಮುಂದೆ ನೀರು ಹಾದುಹೋಗುವಂತೆ ಸಡಿಲವಾಗಿ ಜೋಡಿಸಿ.

ಈಗ ನೀರಿನ ಮಾತು. ಅವಳು ಕೊಳ್ಳಲಿರುವ ಟ್ಯಾಂಕ್ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಲೆಕ್ಕಕ್ಕೆ 120 ಲೀಟರ್, ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ನೂರು. ಬೆಂಗಳೂರಿನಲ್ಲಿ ಕಾವೇರಿ ನೀರಿರಲಿ, ಬೋರ್‌ವೆಲ್ ನೀರಿರಲಿ, ನೇರವಾಗಿ ಹವಳಕ್ಕೆ ಆಗದು. "ನಮ್ಮನೆ ಅಡುಗೆಮನೇಲಿ ಆರ್‌ಒ ಇದೆಯಲ್ಲ" ಅಂದಳು. ನೀರಿನಲ್ಲಿ ಕರಗಿರುವ ಲವಣವನ್ನು ತೋರಿಸುವ ಟಿಡಿಎಸ್ ಮೀಟರ್ ಕೊಟ್ಟು ಅಳೆದು ಹೇಳು ಎಂದು ಕಳಿಸಿದೆ. ಸಂಜೆ ಫೋನ್ ಮಾಡಿದಳು, 64 ಇತ್ತು. ಕುಡಿಯುವ ನೀರು ಸಪ್ಪೆಯಾಗಬಾರದೆಂದು ಎಷ್ಟೋ ಆರ್‌ಒ ಯಂತ್ರಗಳಲ್ಲಿ ಸ್ವಲ್ಪ ನಲ್ಲಿ ನೀರನ್ನು ಮತ್ತೆ ಬೆರೆಸುವ ತಿರುಪು ಇರುತ್ತದೆ. ನಮಗೆ ಬೇಕಿರುವುದು ಸೊನ್ನೆ. ಆ ಬೆರಕೆಗೆ ಮೊದಲಿನ ನೀರನ್ನು ಹಿಡಿದು, ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ತುಂಬಿದ ಕೊಳವೆಯೊಂದನ್ನು ಹಾಯಿಸಿದರೆ ಮೀಟರ್ 0 ತೋರಿಸುತ್ತದೆ. ಈ ಒಂದು ಕೊಳವೆ ಮುಂದಿನ ಎರಡು ವರ್ಷದ ಪಾಚಿಯ ಕಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರಬೇಕು, ಸಾಂದ್ರತೆ 1.025ರಿಂದ 1.026. ಅಕ್ವೇರಿಯಂಗೆಂದೇ ಮಾಡಿದ ಉಪ್ಪಾಗಬೇಕು, ಅಡುಗೆಯ ಉಪ್ಪಲ್ಲ. ಅಳೆಯಲು ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಬೇಡ, ರಿಫ್ರಾಕ್ಟೋಮೀಟರ್ ಕೊಳ್ಳಿ. ಅದನ್ನು 35ರ ಮಾದರಿ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ.

ಟ್ಯಾಂಕಿನಿಂದ ದಿನಕ್ಕೆ ಒಂದು, ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ನನ್ನ ಮೊದಲ ಟ್ಯಾಂಕಿನಲ್ಲಿ ಕಡಿಮೆಯಾದಷ್ಟನ್ನು ದಿನಾ ಉಪ್ಪುನೀರಿನಿಂದಲೇ ತುಂಬಿಸಿದ್ದೆ. ಅದೂ ಏಪ್ರಿಲ್ ತಿಂಗಳಲ್ಲಿ. ಒಂದೂವರೆ ಲೀಟರಿನಲ್ಲಿ ಐವತ್ತು ಗ್ರಾಂ ಉಪ್ಪು, ಹತ್ತು ದಿನಕ್ಕೆ ಅರ್ಧ ಕೆಜಿ. 35 ಇದ್ದದ್ದು 40 ಮುಟ್ಟಿತ್ತು. ಅಣಬೆ ಹವಳಗಳು ಒಣದ್ರಾಕ್ಷಿಯ ಹಾಗೆ ಮುದುಡಿಹೋದವು, ಒಂದು ಸಿಗಡಿ ಸತ್ತಿತು. ಆ ಸಿಗಡಿಯ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಖಾಲಿಯಾದ ಜಾಗಕ್ಕೆ ಬರಿಯ ಆರ್‌ಒ ನೀರು ಸೇರಬೇಕು, ಅದೂ ಚೂರು ಚೂರಾಗಿ. ಈ ಕೆಲಸಕ್ಕೆ ಎಟಿಒ ಎಂಬ ಪುಟ್ಟ ಸಾಧನವಿದೆ: ನೀರಿನ ಮಟ್ಟ ಇಳಿದರೆ ಪಕ್ಕದ ಕ್ಯಾನಿನಿಂದ ಲೋಟದಷ್ಟು ನೀರು ಎತ್ತಿ ಹಾಕುತ್ತದೆ. ಟ್ಯಾಂಕ್ ಚಿಕ್ಕದಾದಷ್ಟೂ ಇದರ ಅಗತ್ಯ ಹೆಚ್ಚು. ಪಟ್ಟಿಯಲ್ಲಿ ಯುವಿ ದೀಪ ಹೊಡೆದು ಆ ಜಾಗದಲ್ಲಿ ಎಟಿಒ ಬರೆದೆ.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದವರಿಗೆ ಗೊತ್ತು, ಅಲ್ಲಿ ನೀರು ನಿಲ್ಲುವುದೇ ಇಲ್ಲ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತೊಟ್ಟಿಲಿನಂತೆ ಮೈಯನ್ನು ತೂಗುತ್ತದೆ. ಹವಳಕ್ಕೆ ಕಾಲಿಲ್ಲ. ಆಹಾರವನ್ನು ಹತ್ತಿರ ತರುವುದೂ ಹೊಲಸನ್ನು ಒಯ್ಯುವುದೂ ಆ ಅಲೆಯೇ. ಮೆದು ಹವಳಕ್ಕೆ ಗಂಟೆಗೆ ಟ್ಯಾಂಕಿನ ಹದಿನೈದು, ಇಪ್ಪತ್ತು ಪಟ್ಟು ನೀರು ಸುತ್ತಬೇಕು. ನೂರು ಲೀಟರಿಗೆ ಎರಡು ಸಾವಿರ ಲೀಟರಿನ ಒಂದೇ ವೇವ್ ಮೇಕರ್ ಬದಲು ಸಾವಿರದ ಎರಡನ್ನು ಎದುರುಬದುರು ಹಾಕುವುದು ನನ್ನ ಅಭ್ಯಾಸ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಅವುಗಳಲ್ಲೊಂದರ ಮೂತಿ ಮೇಲ್ಮುಖವಾಗಿ, ನೀರಿನ ಮೇಲ್ಮೈ ಸದಾ ಕದಡುವಂತಿರಲಿ.

ಕರೆಂಟ್ ಹೋದಾಗ ಮೊದಲು ಖಾಲಿಯಾಗುವುದು ಆಮ್ಲಜನಕ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಂಡರೆ ಉಪ್ಪುನೀರು ಏಳನ್ನೂ ಮುಟ್ಟುವುದಿಲ್ಲ. ಅದರ ಮೇಲೆ ಕಲ್ಲಿನೊಳಗಿನ ಕೋಟ್ಯಂತರ ಜೀವಗಳೂ ಉಸಿರಾಡುತ್ತಿರುತ್ತವೆ. ಆದ್ದರಿಂದ ವೇವ್ ಮೇಕರ್ ಡಿಸಿ ಮಾದರಿಯದಾಗಿರಲಿ, 12 ಅಥವಾ 24 ವೋಲ್ಟಿನದು. ಬ್ಯಾಟರಿಯಿಂದ ನೇರವಾಗಿ ಗಂಟೆಗಟ್ಟಲೆ ಓಡುತ್ತದೆ. ಅಷ್ಟೂ ಆಗದಿದ್ದರೆ ಬ್ಯಾಟರಿ ಏರ್ ಪಂಪ್ ಒಂದನ್ನು ಟ್ಯಾಂಕಿನ ಕೆಳಗೇ ಇಟ್ಟಿರಿ. ಉಪ್ಪುನೀರಿನ ಪಕ್ಕದ ಪ್ಲಗ್‌ಗಳಿಗೆ ಸೋರಿದ ಕರೆಂಟನ್ನು ಕಡಿಯುವ ಇಎಲ್‌ಸಿಬಿ ಇರಲೇಬೇಕು. ಪ್ರತಿ ವೈರೂ ಪ್ಲಗ್‌ಗಿಂತ ಕೆಳಕ್ಕೆ ಜೋತು ಆಮೇಲೆ ಮೇಲೇರಬೇಕು. ಆಗ ವೈರ್ ಹಿಡಿದು ಇಳಿಯುವ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಸ್ಕಿಮ್ಮರ್ ಬಗ್ಗೆ ನನಗೆ ಗೌರವವಿದೆ. ಸಾರು ಕುದಿಯುವಾಗ ಮೇಲೇರುವ ನೊರೆಯನ್ನು ಸೌಟಿನಲ್ಲಿ ತೆಗೆಯುವುದಿಲ್ಲವೇ, ಅದೇ ಕೆಲಸ ಅದರದು. ಕೊಳೆಯಬೇಕಾದ ಪ್ರೋಟೀನು ಸಣ್ಣ ಗುಳ್ಳೆಗಳಿಗೆ ಅಂಟಿ ಮೇಲೇರಿ ಬಟ್ಟಲಿನಲ್ಲಿ ಕಡುಗಂದು ನೀರಾಗಿ ಸೇರುತ್ತದೆ. ಇನ್ನೂರು ಲೀಟರಿನ, ಕೆಳಗೆ ಸಂಪ್ ಎಂಬ ಇನ್ನೊಂದು ತೊಟ್ಟಿ ಇರುವ ಟ್ಯಾಂಕಿಗೆ ಅದನ್ನು ಖಂಡಿತ ಹಾಕಿ. ಆದರೆ ಎರಡು ಸಣ್ಣ ಮೀನಿರುವ ನೂರು ಲೀಟರಿಗೆ, ಸದ್ದು ಮಾಡುವ ಅಗ್ಗದ ಪುಟ್ಟ ಸ್ಕಿಮ್ಮರ್‌ಗಿಂತ ವಾರಕ್ಕೆ ಹತ್ತು ಲೀಟರ್ ನೀರು ಬದಲಿಸುವುದೇ ಮೇಲು. ಒಂದು ಬಕೆಟ್ ನೀರು ಹೊಲಸನ್ನೂ ಒಯ್ಯುತ್ತದೆ, ಹವಳ ಬಳಸಿ ಮುಗಿಸಿದ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನೂ ತಂದುಕೊಡುತ್ತದೆ. ಅದರ ಜೊತೆಗೆ ಟ್ಯಾಂಕಿನ ಹಿಂಬದಿಗೆ ತೂಗುಹಾಕುವ ಸಣ್ಣ ಫಿಲ್ಟರ್ ಒಂದಿದ್ದರೆ ಸಾಕು. ಅದರಲ್ಲಿ ಒಂದು ಹಿಡಿ ಕಾರ್ಬನ್, ಮೂರು ದಿನಕ್ಕೊಮ್ಮೆ ಎಸೆದು ಬದಲಿಸುವ ಬಿಳಿ ಫಿಲ್ಟರ್ ಹತ್ತಿ, ಅಷ್ಟೇ.

ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಗೆ ಹೀಟರ್ ಬೇಕು, ಬೇಸಿಗೆಗೆ ನೀರಿನ ಮೇಲೆ ಗಾಳಿ ಹಾಯಿಸುವ ಸಣ್ಣ ಫ್ಯಾನ್ ಎರಡು, ಮೂರು ಡಿಗ್ರಿ ಇಳಿಸುತ್ತದೆ. ಮಂಗಳೂರು, ಉಡುಪಿಯ ಓದುಗರಿಗೆ ಈ ಉಪಾಯ ಅಷ್ಟಾಗಿ ಫಲಿಸದು. ಅಲ್ಲಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಸುಲಭವಾಗಿ ಆವಿಯಾಗುವುದಿಲ್ಲ, ತಣಿಯುವುದೂ ಇಲ್ಲ. ಕರಾವಳಿಯಲ್ಲಿ ಚಿಲ್ಲರ್‌ಗೆ ದುಡ್ಡು ಎತ್ತಿಡದೆ ಈ ಹವ್ಯಾಸಕ್ಕೆ ಇಳಿಯಬೇಡಿ. ನೀರು 24ರಿಂದ 27 ಡಿಗ್ರಿಯೊಳಗಿರಲಿ. ದೀಪಕ್ಕೆ ನೀಲಿ ಹೆಚ್ಚಿರುವ ಸಾಧಾರಣ ರೀಫ್ ಎಲ್‌ಇಡಿ ಒಂದು, ದಿನಕ್ಕೆ ಎಂಟು ಗಂಟೆ ಉರಿದರೆ ಮೆದು ಹವಳದ ಮೈಯೊಳಗಿನ ಪಾಚಿಗೆ ಸಾಕು. ಕೆಂಪು, ಹಸಿರು ಬಣ್ಣ ಬದಲಿಸುವ ದೀಪ ಬೇಡ.

ಅವಳು ಹೊರಡುವಾಗ ಪಟ್ಟಿ ಬೇರೆಯದೇ ಆಗಿತ್ತು: ಟ್ಯಾಂಕ್, ಹನ್ನೆರಡು ಕೆಜಿ ಸೆರಾಮಿಕ್ ಕಲ್ಲು, ಡಿಐ ಕೊಳವೆ, ಉಪ್ಪು, ರಿಫ್ರಾಕ್ಟೋಮೀಟರ್, ಎರಡು ಡಿಸಿ ವೇವ್ ಮೇಕರ್, ಬ್ಯಾಟರಿ, ಎಟಿಒ, ಹೀಟರ್, ಒಂದು ಸಣ್ಣ ಫ್ಯಾನ್, ಹಿಂಬದಿ ಫಿಲ್ಟರ್, ದೀಪ, ಅಮೋನಿಯಾ, ನೈಟ್ರೈಟ್ ಮತ್ತು ನೈಟ್ರೇಟ್ ಟೆಸ್ಟ್ ಕಿಟ್. ಒಟ್ಟು ಮೊತ್ತ ಮೊದಲಿನದಕ್ಕಿಂತ ಹೆಚ್ಚೇನೂ ಇರಲಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ಶುರುಮಾಡುವುದಾದರೆ ಎರಡು ವಿನಂತಿ. ಬಟನ್ ಹವಳ ಎಂದು ಮಾರುವ ಜೋವಾಂತಿಡ್‌ಗಳನ್ನು ಮುಟ್ಟುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ, ಅವು ಅಂಟಿದ ಕಲ್ಲನ್ನು ಎಂದೂ ಬಿಸಿನೀರಿನಲ್ಲಿ ಕುದಿಸಬೇಡಿ. ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಪ್ರಾಣ ತೆಗೆಯುವಷ್ಟು ಕಟುವಾದ ವಿಷ. ಇನ್ನೊಂದು ಮೀನಿನ ವಿಷಯ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಒಂದು ಮೀನನ್ನೂ ತರಬೇಡಿ. ತರುವಾಗ, ತೊಟ್ಟಿಯಲ್ಲೇ ಮರಿಯಾಗಿ ಬೆಳೆದ ಕ್ಲೌನ್‌ಫಿಶ್ ಇದೆಯೇ ಎಂದು ಕೇಳಿ. ಅವನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮದೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಇಲ್ಲ ಎಂದರೆ, ಸಮುದ್ರದಿಂದ ಹಿಡಿದು ತಂದದ್ದನ್ನು ಕೊಳ್ಳದೆ ಇನ್ನೊಂದು ತಿಂಗಳು ಕಾಯಿರಿ.