ಕೇಳುವವರನ್ನು ಕೇಳಬೇಕು

ಲೈಂಗಿಕ ಹಿಂಸೆಯನ್ನು ಕುರಿತ ಸಹಭಾಗಿ ಕಲೆಯ ಬಗ್ಗೆ ನಮ್ಮಲ್ಲಿ ಎರಡು ಮಾತು ಚಲಾವಣೆಯಲ್ಲಿವೆ. ಹೊಗಳುವವರು ಇದು ಮೌನ ಮುರಿಯುತ್ತದೆ, ನೊಂದವರಿಗೆ ದನಿ ಕೊಡುತ್ತದೆ ಎನ್ನುತ್ತಾರೆ. ತೆಗಳುವವರು ಇದು ಚಳವಳಿಯೇ ಹೊರತು ಕಲೆಯಲ್ಲ, ಅದೂ ಇಂಗ್ಲಿಷ್ ಬಲ್ಲ ಹುಡುಗಿಯರ ಚಳವಳಿ ಎನ್ನುತ್ತಾರೆ. ಇಬ್ಬರೂ ನೋಡುವುದು ಮಾತ್ರ ಒಂದನ್ನೇ: ಭಾಗವಹಿಸಿದ ಹೆಂಗಸರನ್ನು. ಅವರ ಧೈರ್ಯ, ಅವರ ಕಣ್ಣೀರು, ಅವರ ವರ್ಗ, ಅವರ ಸಂಖ್ಯೆ. ಕೃತಿ ಕಟ್ಟಿದವರು ಆ ಹೆಂಗಸರ ಮುಂದೆ ಇಟ್ಟ ಪ್ರಶ್ನೆ ಯಾವುದು, ಅದನ್ನು ಯಾರಿಗೆ ಕೇಳಲಾಯಿತು, ಉತ್ತರ ಕೊಡಲು ಅವರು ಏನನ್ನು ತೆರಬೇಕಾಯಿತು ಎಂದು ಇಬ್ಬರೂ ವಿಚಾರಿಸುವುದಿಲ್ಲ. ನನ್ನ ಜಗಳ ಇರುವುದು ಇಲ್ಲಿ. ಈ ಬಗೆಯ ಕಲೆಯಲ್ಲಿ ಉತ್ತರಗಳು ಭಾಗವಹಿಸಿದವರವು. ಕಲಾವಿದೆಯ ಕಸುಬು ಕಾಣುವುದು ಪ್ರಶ್ನೆಯಲ್ಲಿ. ವಿಮರ್ಶೆ ಕೈಗೆತ್ತಿಕೊಳ್ಳಬೇಕಾದದ್ದೂ ಅದನ್ನೇ.

ವಿಮರ್ಶಕರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಹಿಂಸೆಗೊಳಗಾದವಳು ಕೈಯಾರೆ ಬರೆದ ಚೀಟಿಯ ಮುಂದೆ ನಿಂತು ರೂಪ ಸಡಿಲವಾಗಿದೆ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಬರಲೂಬಾರದು. ಆದರೆ ಸಾಕ್ಷಿ ನುಡಿದವಳಿಗೆ ಸಲ್ಲಬೇಕಾದ ಗೌರವ ಸಾಕ್ಷಿ ನುಡಿಸಿದ ಚೌಕಟ್ಟಿಗೂ ಪುಕ್ಕಟೆಯಾಗಿ ಸಂದುಬಿಟ್ಟಿದೆ. ಕನ್ನಡದವರಾದ ನಮಗೆ ಈ ಅಭ್ಯಾಸ ಹಳೆಯದು. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳ ಗಂಡನ ವಿಷಯ ಕೇಳುತ್ತಾನೆ, ಸೀರೆ ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಕೇಳುತ್ತಾನೆ. ಅಕ್ಕನ ಉತ್ತರಗಳ ಎತ್ತರವನ್ನು ನಾವು ತಲೆಮಾರುಗಳಿಂದ ಕೊಂಡಾಡಿದ್ದೇವೆ. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳ ಉಡುಗೆಯ ಲೆಕ್ಕ ಕೇಳಿದ ಆ ಪರೀಕ್ಷೆಯನ್ನು ಮಾತ್ರ, ಅವಳ ಹಿರಿಮೆ ಬೆಳಗಲು ಒದಗಿದ ನಿಮಿತ್ತವೆಂದು ಬಹುಮಟ್ಟಿಗೆ ಒಪ್ಪಿಕೊಂಡು ಸುಮ್ಮನಾದೆವು.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ನಾನು ಮೊದಲು ಹೋಗುವುದು 1978ರ ಮೆಕ್ಸಿಕೋ ನಗರಕ್ಕೆ. ಅಲ್ಲಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೋನಿಕಾ ಮಾಯೆರ್ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಗುಲಾಬಿ ಬಣ್ಣದ ಸಣ್ಣ ಚೀಟಿಗಳನ್ನು ಕ್ಲಿಪ್ಪು ಹಾಕಿ ತೂಗುಬಿಟ್ಟರು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಉದ್ಯೋಗದ ಸುಮಾರು 800 ಹೆಂಗಸರಿಗೆ ಅವರು ಕೊಟ್ಟಿದ್ದು ಒಂದು ಅರ್ಧ ವಾಕ್ಯ. ಹೆಣ್ಣಾಗಿ ಈ ನಗರದಲ್ಲಿ ತಮಗೆ ಎಲ್ಲಕ್ಕಿಂತ ಹಿಡಿಸದ್ದು ಯಾವುದೆಂದು ಅವರು ವಾಕ್ಯ ಮುಗಿಸಬೇಕಿತ್ತು. ಕಿರುಕುಳ ಎಂಬ ಮಾತೇ ಅದರಲ್ಲಿರಲಿಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ ಮೈಮೇಲೆ ಬೀಳುವ ಕೈಗಳ ಮಾತು ಉತ್ತರಗಳಲ್ಲಿ ತಾನಾಗಿ ಮೇಲೆದ್ದು ಬಂತು. ನಗರದ ಬಗ್ಗೆ ಕೇಳಿದರೆ ಹಿಂಸೆಯ ಬಗ್ಗೆ ಉತ್ತರ ಬರುತ್ತದೆ ಎಂಬುದೇ ಕೃತಿಯ ಶೋಧ. ಬರೆದವಳು ತನ್ನನ್ನು ನೊಂದವಳೆಂದು ಪರಿಚಯಿಸಿಕೊಳ್ಳಬೇಕಿರಲಿಲ್ಲ. ನಗರದ ಮೇಲೆ ದೂರು ಹೇಳುವ ನಾಗರಿಕಳಾಗಿ ಬರೆದಳು.

ಇದೇ ಕೃತಿ 2016ರಲ್ಲಿ ಮಾಯೆರ್ ಅವರ ಸಿಂಹಾವಲೋಕನ ಪ್ರದರ್ಶನದಲ್ಲಿ ಮರಳಿ ಬಂದಾಗ ಪ್ರಶ್ನೆಗಳು ಬದಲಾಗಿದ್ದವು. ಮೊದಲ ಸಲ ಕಿರುಕುಳವಾದದ್ದು ಯಾವಾಗ ಎಂದು ಒಂದು ಚೀಟಿ ನೇರವಾಗಿ ಕೇಳಿತು. ಕಾಲ ಮುಂದೆ ಹೋಗಿದೆ, ಹೆಸರಿಟ್ಟು ಕೇಳುವ ಧೈರ್ಯ ಬಂದಿದೆ ಎಂಬುದು ಒಪ್ಪಿತ ವಿವರಣೆ. ನನಗೆ ಇದು ರಾಜಕೀಯವಾಗಿ ಮುನ್ನಡೆ, ಕಲೆಯಾಗಿ ಹಿನ್ನಡೆ. ಉತ್ತರವನ್ನು ಮೊದಲೇ ಬಲ್ಲ ಪ್ರಶ್ನೆ ಅದು. ಎಷ್ಟು ಚೀಟಿ ಬಂದರೂ ತಿಳಿದದ್ದೇ ಹೆಚ್ಚುತ್ತದೆ. ಆದರೆ ಅದೇ ಹಗ್ಗದ ಮೇಲೆ ಇನ್ನೊಂದು ಪ್ರಶ್ನೆಯೂ ಇತ್ತು: ಕಿರುಕುಳದ ವಿರುದ್ಧ ನೀವು ಏನು ಮಾಡಿದ್ದೀರಿ, ಅಥವಾ ಏನು ಮಾಡುವಿರಿ? ಅನುಭವದ ಬದಲು ಉಪಾಯ ಕೇಳುವ ಈ ಪ್ರಶ್ನೆಗೆ ಬರೆಯಲು ನೊಂದಿರಲೇಬೇಕೆಂದಿಲ್ಲ. ಮುಂದೆ ಮೆಕ್ಸಿಕೋದ ವಿಶ್ವವಿದ್ಯಾಲಯಗಳ ಹುಡುಗಿಯರು ಹಗ್ಗವನ್ನು ಕಲಾವಿದೆಯ ಕೈಯಿಂದ ತೆಗೆದುಕೊಂಡು, ಕಿರುಕುಳ ಕೊಟ್ಟವರ ಹೆಸರುಗಳನ್ನೇ ಅದಕ್ಕೆ ನೇತುಹಾಕಿದರು.

ಮೌನ ಮುರಿಯುವುದೇ ಈ ಕಲೆಯ ಉಸಿರು ಎನ್ನುವವರು ಸೂಸನ್ ಲೇಸಿ ಅವರ 1977ರ ‘ಥ್ರೀ ವೀಕ್ಸ್ ಇನ್ ಮೇ’ ಕೃತಿಗೆ ಏನು ಹೇಳುತ್ತಾರೋ ತಿಳಿಯಬೇಕು. ಲಾಸ್ ಏಂಜಲೀಸ್ ನಗರಾಡಳಿತ ಕಚೇರಿಯ ಹತ್ತಿರ 25 ಅಡಿಯ ನಗರ ನಕ್ಷೆ ತೂಗುಹಾಕಿ, ಪೊಲೀಸರಲ್ಲಿ ದಾಖಲಾದ ಒಂದೊಂದು ಅತ್ಯಾಚಾರಕ್ಕೂ ಅದು ನಡೆದ ಜಾಗದ ಮೇಲೆ ಕೆಂಪು ಮೊಹರು ಒತ್ತುತ್ತ ಹೋದರು. ಪ್ರತಿ ಮೊಹರಿನ ಸುತ್ತ ಮಸುಕಾದ ಒಂಬತ್ತು ಮೊಹರುಗಳು, ದಾಖಲಾಗದೇ ಉಳಿದವುಗಳಿಗಾಗಿ. ಪಕ್ಕದ ಇನ್ನೊಂದು ನಕ್ಷೆಯಲ್ಲಿ ಸಹಾಯ ಸಿಗುವ ಸ್ಥಳಗಳು. ಆ ನಕ್ಷೆಗಾಗಿ ನೊಂದ ಯಾವ ಹೆಂಗಸೂ ಬಾಯಿಬಿಡಬೇಕಾಗಲಿಲ್ಲ. ಪ್ರಶ್ನೆ ಹೋದದ್ದು ಪೊಲೀಸ್ ಇಲಾಖೆಗೆ, ಉತ್ತರ ಬಂದದ್ದು ಅದರದೇ ದಾಖಲೆಯಿಂದ.

ಈ ಎರಡು ಅಳತೆಗೋಲು ಹಿಡಿದು ನಮ್ಮೂರಿಗೆ ಬರುತ್ತೇನೆ. ಬೆಂಗಳೂರಿನ ‘ಬ್ಲ್ಯಾಂಕ್ ನಾಯ್ಸ್’ 2003ರಲ್ಲಿ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಜಸ್ಮೀನ್ ಪಥೇಜಾ ಅವರ ವಿದ್ಯಾರ್ಥಿ ಯೋಜನೆಯಾಗಿ ಹುಟ್ಟಿತು. ಎರಡು ದಶಕಗಳಿಂದ ಎಡೆಬಿಡದೆ ನಡೆದು ಬಂದ ಇಂಥ ಕಲಾಪ್ರಯೋಗ ಇಡೀ ದೇಶದಲ್ಲೇ ಅಪರೂಪ. ಆ ಗೌರವದಿಂದಲೇ ಹೇಳುತ್ತೇನೆ: ಅದರ ಅತ್ಯಂತ ಹೆಸರಾದ ಕೃತಿ ಅದರ ಅತ್ಯುತ್ತಮ ಕೃತಿಯಲ್ಲ.

ಹೆಸರಾದದ್ದು ‘ಐ ನೆವರ್ ಆಸ್ಕ್ ಫಾರ್ ಇಟ್’. 2019ರ ವಿಸಿಬಲ್ ಪ್ರಶಸ್ತಿ ಬಂದದ್ದು ಇದಕ್ಕೇ. ಹಿಂಸೆ ನಡೆದಾಗ ತೊಟ್ಟಿದ್ದ ಉಡುಪನ್ನು ತನ್ನಿ ಎಂದು ಅದು ಕೇಳುತ್ತದೆ. 10,000 ಉಡುಪುಗಳನ್ನು ಒಟ್ಟಿಗೆ ನಿಲ್ಲಿಸುವ ಗುರಿ ಇಟ್ಟುಕೊಂಡಿತು. ಎಲ್ಲ ಬಗೆಯ ಬಟ್ಟೆಯೂ ಅಲ್ಲಿರುವಾಗ ಬಟ್ಟೆ ಕಾರಣವಲ್ಲವೆಂದು ತಾನೇ ಸಾಬೀತಾಗುತ್ತದೆ ಎಂಬುದು ಎಲ್ಲರೂ ಒಪ್ಪುವ ವಾದ. ನನ್ನ ತಕರಾರು ಇಷ್ಟು. ಏನು ತೊಟ್ಟಿದ್ದೆ ಎಂಬುದು ಆರೋಪಿಯ ಪರ ನಿಂತವರ ಪ್ರಶ್ನೆ. ಕೃತಿ ಅದನ್ನು ಸೋಲಿಸಲು ಹೊರಟು, ಮೊದಲು ಅದಕ್ಕೆ ಉತ್ತರ ಕೊಡುತ್ತದೆ. ಠಾಣೆಯ ಮುದ್ದೆಮಾಲಿನಂತೆ ಬಟ್ಟೆ ಮತ್ತೆ ಹಾಜರಾಗುತ್ತದೆ. ಗ್ಯಾಲರಿಯ ಗೋಡೆಯ ಮೇಲೆ ಅದನ್ನು ಕಂಡವರ ಕಣ್ಣು, ನನ್ನದನ್ನೂ ಸೇರಿಸಿ, ತನಗರಿವಿಲ್ಲದೆ ಕತ್ತಿನ ಅಗಲ, ತೋಳಿನ ಉದ್ದ ಅಳೆಯುತ್ತದೆ. ಈ ವಿಷಯದಲ್ಲಿ ಶಾಸನ ಕಲೆಗಿಂತ ಮುಂದೆ ಹೋಯಿತೆಂದು ಹೇಳಲು ಬೇಸರವಾಗುತ್ತದೆ. ಫಿರ್ಯಾದಿ ಹೆಣ್ಣಿನ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಾಡಿಸಲು ಅವಕಾಶ ಕೊಟ್ಟಿದ್ದ ಸಾಕ್ಷ್ಯ ಕಾಯ್ದೆಯ 155(4)ನೇ ಕಲಮನ್ನು 2002ರ ತಿದ್ದುಪಡಿ ಕಿತ್ತುಹಾಕಿತು. ಒಳ್ಳೆಯ ನಡತೆಗೆ ಪುರಾವೆ ತನ್ನಿ ಎಂದು ಅದು ಹೆಂಗಸರನ್ನು ಕರೆಯಲಿಲ್ಲ, ಪ್ರಶ್ನೆಯನ್ನೇ ತೆಗೆದುಹಾಕಿತು.

ಇದಕ್ಕೆ ಬರುವ ಉತ್ತರ ಹಗುರವಾದದ್ದಲ್ಲ. ಒಂದು ಉಡುಪು ಪುರಾವೆಯಾಗಬಹುದು, ಸಾವಿರಾರು ಉಡುಪುಗಳು ಸೇರಿದರೆ ಅವುಗಳ ಭಾರಕ್ಕೆ ಪ್ರಶ್ನೆಯೇ ಕುಸಿಯುತ್ತದೆ, ಸಂಖ್ಯೆಯೇ ಇಲ್ಲಿ ರೂಪ ಎನ್ನುತ್ತಾರೆ. ಹೆಂಗಸರು ಆ ಉಡುಪು ತೊಟ್ಟೋ ಕೈಯಲ್ಲಿ ಹಿಡಿದೋ ರಸ್ತೆಯಲ್ಲಿ ನಿಂತಾಗ ಈ ಮಾತು ನಿಜ. ಆಗ ನೋಡುವವನು ಎದುರಿಗಿರುವ ಕಣ್ಣುಗಳನ್ನೂ ಎದುರಿಸಬೇಕು. ದೇಹವಿಲ್ಲದ ಬಟ್ಟೆ ಸಾಲಾಗಿ ತೂಗುವಾಗ ಆ ಬಲ ಉಳಿಯುವುದಿಲ್ಲ.

ಇನ್ನೊಂದು ಕೊರತೆ ಇದೆ. ಇಂಗ್ಲಿಷ್ ಹುಡುಗಿಯರು ಎಂದು ಮೂದಲಿಸುವವರು ಅದರ ಹತ್ತಿರ ಬಂದು ತಪ್ಪು ಕಡೆ ತಿರುಗುತ್ತಾರೆ. ಯಾರು ಬಂದರು ಎಂಬುದಕ್ಕಿಂತ ಪ್ರಶ್ನೆ ಏನನ್ನು ಬೇಡಿತು ಎಂದು ನೋಡಬೇಕು. ಆ ದಿನದ ಬಟ್ಟೆಯನ್ನು ಬಳಸದೆ ಎತ್ತಿಡಲು ಬದಲಿ ಬಟ್ಟೆ ಇರಬೇಕು. ಉಳಿದವರು ಅದನ್ನೇ ಒಗೆದು, ಒಣಗಿಸಿ, ಮರುದಿನ ಉಟ್ಟು ಕೆಲಸಕ್ಕೆ ಹೋಗುತ್ತಾರೆ. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಕಡೆ ಲಕ್ಷಾಂತರ ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗಿ ಲೋಕದ ಬಟ್ಟೆ ಹೊಲಿಯುವ ಊರು ಇದು. ಪಿಎಫ್ ಹಣಕ್ಕಾಗಿ 2016ರ ಏಪ್ರಿಲ್‌ನಲ್ಲಿ ರಸ್ತೆಗಿಳಿದು, ನಗರವನ್ನೇ ನಿಲ್ಲಿಸಿ, ಕೇಂದ್ರ ಸರ್ಕಾರದ ನಿಯಮವನ್ನು ಹಿಂದೆ ತೆಗೆಸಿದವರು ಅವರು. ಅವರಿಗೆ ದನಿ ಕೊಡುವ ಅಗತ್ಯ ಯಾವ ಕಲಾವಿದೆಗೂ ಇಲ್ಲ. ಅವರು ಉತ್ತರಿಸಬಹುದಾದ ಪ್ರಶ್ನೆಯೊಂದು ಬೇಕಿತ್ತು. ಸೂಪರ್‌ವೈಸರನ ಬೈಗುಳದ ಬಗ್ಗೆಯೋ, ಶೌಚಕ್ಕೆ ಹೋಗಲು ಸಿಗುವ ನಿಮಿಷಗಳ ಬಗ್ಗೆಯೋ.

ಅದೇ ಬ್ಲ್ಯಾಂಕ್ ನಾಯ್ಸ್‌ನ ಬೇರೆ ಎರಡು ಕೆಲಸ ನೋಡಿ. 2012ರಲ್ಲಿ ಯಲಹಂಕದ ಒಂದು ರಸ್ತೆಗೆ ಭಯದಿಂದಲೇ ಅಡ್ಡಹೆಸರು ಬಿದ್ದಿತ್ತು. ಅಲ್ಲಿ ಮೇಜು ಕುರ್ಚಿ ಹಾಕಿ, ಚಹಾ ಸಮೋಸ ಇಟ್ಟು, ಅಪರಿಚಿತ ಗಂಡಸರನ್ನು ಎದುರು ಕೂರಿಸಿಕೊಂಡು ಹುಡುಗಿಯರು ಗಂಟೆಗಟ್ಟಲೆ ಮಾತಾಡಿದರು. ಮಾತು ಹಿಂಸೆಯ ಕುರಿತೇ ಇರಬೇಕೆಂಬ ಕಟ್ಟಳೆ ಇರಲಿಲ್ಲ. 2014ರಿಂದ ನಡೆದು ಬಂದ ‘ಮೀಟ್ ಟು ಸ್ಲೀಪ್’ ಇನ್ನೂ ಕಡಿಮೆ ಕೇಳುತ್ತದೆ: ಉದ್ಯಾನಕ್ಕೆ ಬನ್ನಿ, ಮಲಗಿ. ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಮಧ್ಯಾಹ್ನ ಗಂಡಸರು ಚಪ್ಪಲಿಯನ್ನೇ ತಲೆದಿಂಬು ಮಾಡಿಕೊಂಡು ಮಲಗುವುದನ್ನು ನಾವೆಲ್ಲ ಕಂಡಿದ್ದೇವೆ; ಹೆಂಗಸೊಬ್ಬಳು ಹಾಗೆ ಕಣ್ಣು ಮುಚ್ಚುವುದು ಅಪರೂಪ. ಮನೆಯಿಲ್ಲದ ಹೆಂಗಸರು ಬಸ್ ನಿಲ್ದಾಣದಲ್ಲಿ ಮಲಗುವ ಊರಿನಲ್ಲಿ ಇದು ಉಳ್ಳವರ ಆಟವಲ್ಲವೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಿಲ್ದಾಣದಲ್ಲಿ ಮಲಗಿದವಳು ಒಂದು ಕಿವಿ ಎಚ್ಚರವಿಟ್ಟೇ ಮಲಗುತ್ತಾಳೆ. ಎಚ್ಚರ ತಪ್ಪಿ ನಿದ್ರಿಸುವ ಹಕ್ಕು ಇಬ್ಬರಿಗೂ ಇಲ್ಲವೆಂಬುದನ್ನು ಈ ಕೃತಿ ಒಂದೂ ಸಾಕ್ಷ್ಯ ಪಡೆಯದೆ ತೋರಿಸುತ್ತದೆ. ಇಲ್ಲಿ ಯಾರೂ ತನ್ನ ಗಾಯ ತೆರೆದು ತೋರಿಸಬೇಕಿಲ್ಲ.

ಹುಲ್ಲಿನ ಮೇಲೆ ಮಲಗಿದರೆ ಏನಾಯಿತು ಎನ್ನುವವರಿಗೆ 2020ರ ಜೂನ್ ನೆನಪಿಸುತ್ತೇನೆ. ಅತ್ಯಾಚಾರ ಪ್ರಕರಣವೊಂದರಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುತ್ತ ಕರ್ನಾಟಕ ಹೈಕೋರ್ಟ್, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂದ ಹೆಣ್ಣಿನ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂದು ದಾಖಲಿಸಿತು. ಪ್ರತಿಭಟನೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಆ ಮಾತುಗಳನ್ನು ತೆಗೆಯಲಾಯಿತು. ಹೈಕೋರ್ಟಿನ ಕೆಂಪು ಕಟ್ಟಡ ನಿಂತಿರುವುದು ಅದೇ ಕಬ್ಬನ್ ಪಾರ್ಕಿನ ಅಂಚಿನಲ್ಲಿ. ಹೆಣ್ಣಿನ ನಿದ್ದೆಯೂ ವಿಚಾರಣೆಗೆ ಬರುತ್ತದೆ ಎಂಬುದನ್ನು ಈ ಕೃತಿ ಆರು ವರ್ಷ ಮೊದಲೇ ಹಿಡಿದಿತ್ತು. ಉಡುಪಿನ ಕೃತಿ ಹಳೆಯ ಆರೋಪಕ್ಕೆ ಪ್ರತ್ಯುತ್ತರ. ನಿದ್ದೆಯ ಕೃತಿ ಇನ್ನೂ ಬಾಯಿಗೆ ಬಾರದ ಆರೋಪವನ್ನು ಹೊರಗೆಳೆದ ಕೃತಿ. ಎರಡನೆಯದನ್ನು ನಾನು ಮೇಲಿಡುವುದು ಇದಕ್ಕಾಗಿ.

ಗಂಡಸರನ್ನು ಏನು ಕೇಳಬೇಕು ಎಂಬುದು ಉಳಿಯುತ್ತದೆ. 2015ರ ನವೆಂಬರ್ 25ರಂದು ಎಕ್ವಡಾರ್‌ನ ಕೀಟೋ ನಗರದ ಗೂಳಿಕಾಳಗದ ಅಂಗಣದಲ್ಲಿ ಲೇಸಿ ಒಂದು ದಾರಿ ಹಿಡಿದರು. ಹಿಂದೆ ಸಂಗ್ರಹವಾಗಿದ್ದ ಸುಮಾರು 10,000 ಪತ್ರಗಳಲ್ಲಿ ಹೆಂಗಸರು ತಮ್ಮ ಮೇಲಾದ ಹಿಂಸೆಯನ್ನು ಬರೆದಿದ್ದರು. ಆಯ್ದ ಪತ್ರಗಳನ್ನು ನೂರಾರು ಗಂಡಸರು ಗಟ್ಟಿಯಾಗಿ ಓದಿದರು. ಹೆಣ್ಣಿನ ಮಾತು ಮತ್ತೆ ಗಂಡಿನ ಬಾಯಿಗೆ ಹೋಯಿತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಆ ತಕರಾರಿಲ್ಲ. ಬದಲಾಯಿಸಲು ಬಾರದ ವಾಕ್ಯವನ್ನು ಹೊತ್ತು ನಿಲ್ಲುವುದು ಗಂಡಸಿಗೆ ಅಪರೂಪದ ಶಿಸ್ತು. ನನ್ನ ಅತೃಪ್ತಿ ಬೇರೆ: ಓದಿದವನು ಉತ್ತರ ಕೊಡಬೇಕಾಗಲಿಲ್ಲ. ಮಾಯೆರ್ ಅವರ ಹಗ್ಗಕ್ಕೆ ಗಂಡಸರಿಂದ ಚೀಟಿ ಬರೆಸುವುದಾದರೆ ಅರ್ಧ ವಾಕ್ಯ ಹೇಗಿರಬೇಕು? ತಪ್ಪೊಪ್ಪಿಗೆ ಕೇಳಿದರೆ ಸುಳ್ಳು ಬರುತ್ತದೆ, ಅಭಿಪ್ರಾಯ ಕೇಳಿದರೆ ಭಾಷಣ ಬರುತ್ತದೆ. ತುಂಬಿದ ಬಸ್ಸಿನಲ್ಲಿ ನಿಮ್ಮ ಕೈ ಎಲ್ಲಿರುತ್ತದೆ ಎಂಬಷ್ಟು ಸರಳವಾದದ್ದು ಬೇಕು. ಬಿಎಂಟಿಸಿಯಲ್ಲಿ ದಿನಾ ಓಡಾಡುವವನು ಯೋಚಿಸದೆ ಬರೆಯಲು ಶುರುಮಾಡಿ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪೆನ್ನು ನಿಲ್ಲಿಸುವಂಥದ್ದು.