ಸೌರಕೋಶದಲ್ಲಿ ಉಳಿದುಹೋದ ಹನಿ

ಪ್ಲಾಸ್ಟಿಕ್ ಸೌರಕೋಶಗಳ ಸಂಶೋಧನೆಯಲ್ಲಿ ‘ಅಡಿಟಿವ್’, ಅಂದರೆ ದ್ರಾವಣಕ್ಕೆ ಚೂರೇ ಚೂರು ಬೆರೆಸುವ ವಸ್ತು, ಎಂಬುದು ಇವತ್ತು ದಿನಬಳಕೆಯ ಮಾತು. ಅದನ್ನು ರೂಢಿಗೆ ತಂದವರಲ್ಲಿ ಮುಖ್ಯರು ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೀಟ್, ಬಜಾನ್, ನೊಬೆಲ್ ಪುರಸ್ಕೃತ ಆಲನ್ ಹೀಗರ್ ಮತ್ತು ಅವರ ಸಂಗಡಿಗರು. 2007ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಅವರದೊಂದು ಪ್ರಬಂಧ ಬಂತು. ಪಿಸಿಪಿಡಿಟಿಬಿಟಿ ಎಂಬ, ನಾಲಿಗೆ ಹೊರಳದ ಹೆಸರಿನ ಪಾಲಿಮರನ್ನು ಫುಲ್ಲರೀನ್ ಎಂಬ ಇಂಗಾಲದ ಅಣುವಿನ ಜೊತೆ ಕರಗಿಸಿ, ಆ ದ್ರಾವಣಕ್ಕೆ ಆಕ್ಟೇನ್ ಡೈಥಯಾಲನ್ನು ಚೂರೇ ಚೂರು ಸೇರಿಸಿದರು. ಕೋಶದ ದಕ್ಷತೆ ಶೇ 2.8ರಿಂದ ಶೇ 5.5ಕ್ಕೆ ಏರಿತು. ಹೊಸ ಅಣು ಕಟ್ಟಿರಲಿಲ್ಲ, ಹೊಸ ಯಂತ್ರ ತಂದಿರಲಿಲ್ಲ. ಅಲ್ಲಿಯವರೆಗೆ ಇಂಥ ಪದರಗಳನ್ನು ಹದಕ್ಕೆ ತರಲು ಬಿಸಿ ಮಾಡುವುದೇ ಪರಿಚಿತ ಉಪಾಯ. ಪಿ3ಎಚ್‌ಟಿ ಎಂಬ ಪಾಲಿಮರಿಗೆ ಅದು ಒಗ್ಗುತ್ತಿತ್ತು, ಇದಕ್ಕೆ ಒಗ್ಗಲಿಲ್ಲ.

ಆ ಚೂರು ದ್ರವ ಮಾಡಿದ್ದೇನು? ಸಾವಯವ ಪದರದ ಮೇಲೆ ಬೆಳಕು ಬಿದ್ದಾಗ ಹುಟ್ಟುವುದು ಒಂದಕ್ಕೊಂದು ಅಂಟಿಕೊಂಡ ಎಲೆಕ್ಟ್ರಾನ್ ಮತ್ತು ರಂಧ್ರದ (ಎಲೆಕ್ಟ್ರಾನ್ ಬಿಟ್ಟ ಖಾಲಿ ಜಾಗದ) ಜೋಡಿ. ಅದು ಸುಮಾರು ಹತ್ತು ನ್ಯಾನೊಮೀಟರ್ ಸಾಗುವುದರೊಳಗೆ ಪಾಲಿಮರ್ ಮತ್ತು ಫುಲ್ಲರೀನ್ ಸೇರುವ ಗಡಿ ಸಿಗಬೇಕು. ಸಿಗದಿದ್ದರೆ ಹೀರಿಕೊಂಡ ಬೆಳಕು ವ್ಯರ್ಥ. ಹಾಗೆಂದು ಎರಡನ್ನೂ ತೀರಾ ನುಣ್ಣಗೆ ಬೆರೆಸಿದರೆ, ಬೇರ್ಪಟ್ಟ ವಿದ್ಯುದಾವೇಶ ಹೊರಗಿನ ತಂತಿಯವರೆಗೆ ಹೋಗಲು ದಾರಿಯೇ ಇರುವುದಿಲ್ಲ. ಎರಡರ ನಡುವಿನ ಹದ ಬೇಕು. 2008ರಲ್ಲಿ ಇದೇ ತಂಡ ಆ ಹದಕ್ಕೆ ಎರಡು ನಿಯಮ ಕೊಟ್ಟಿತು. ಸೇರಿಸುವ ದ್ರವ ಫುಲ್ಲರೀನನ್ನು ಮಾತ್ರ ಚೆನ್ನಾಗಿ ಕರಗಿಸಬೇಕು. ಅದರ ಕುದಿಬಿಂದು ಮುಖ್ಯ ದ್ರಾವಕದ್ದಕ್ಕಿಂತ ಹೆಚ್ಚಿರಬೇಕು. ದ್ರಾವಕ ಆರಿದ ಮೇಲೂ ಫುಲ್ಲರೀನ್ ಕೊಂಚ ಹೊತ್ತು ದ್ರವದಲ್ಲೇ ಉಳಿದಿರುತ್ತದೆ, ಅಷ್ಟರಲ್ಲಿ ಪಾಲಿಮರ್ ತನ್ನ ಜಾಲವನ್ನು ಕಟ್ಟಿಕೊಳ್ಳುತ್ತದೆ. ಆ ಪರೀಕ್ಷೆಯಲ್ಲಿ ಗೆದ್ದದ್ದು ಡೈಅಯೋಡೊಆಕ್ಟೇನ್, ಅಂದರೆ ಡಿಐಒ.

ಈ ಎರಡು ನಿಯಮಗಳನ್ನು ನಾನು 2007ರ ಏರಿಕೆಗಿಂತ ದೊಡ್ಡ ಸಾಧನೆ ಎಂದು ಎಣಿಸುತ್ತೇನೆ. ಸಂಖ್ಯೆ ಹಳತಾಗುತ್ತದೆ, ಅದು ಹಳತಾಗಿಯೂ ಆಯಿತು. ಕಾರಣವನ್ನು ಬಿಡಿಸಿ ಹೇಳಿದ್ದರಿಂದ ಬೇರೆಯವರು ತಮ್ಮ ಪಾಲಿಮರಿಗೆ ತಕ್ಕ ದ್ರವ ಹುಡುಕಲು ಸಾಧ್ಯವಾಯಿತು.

ತಕರಾರು ಇರುವುದು ಅದರ ನಂತರದ ರೂಢಿಯ ಬಗ್ಗೆ. ಅಡಿಟಿವ್ ಸಾರಿನ ಕರಿಬೇವಿನಂತಿರಬೇಕು, ಘಮ ಕೊಟ್ಟು ಎಲೆಯ ಅಂಚಿಗೆ ಸರಿಯಬೇಕು. ಡಿಐಒ ಸರಿಯುವುದಿಲ್ಲ. ಮುಖ್ಯ ದ್ರಾವಕವಾದ ಕ್ಲೋರೊಬೆಂಜೀನ್ ಕುದಿಯುವುದು ಸುಮಾರು 132 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಿಐಒ ಕುದಿಯಲು 300 ಡಿಗ್ರಿ ದಾಟಬೇಕು. ಯಾವ ಗುಣದಿಂದ ಅದು ಗೆದ್ದಿತೋ ಅದೇ ಗುಣದಿಂದ ಪದರದಲ್ಲಿ ಉಳಿದುಬಿಡುತ್ತದೆ. ಅದರ ಕಾರ್ಬನ್–ಅಯೋಡಿನ್ ಬಂಧ ದುರ್ಬಲ. ನೇರಳಾತೀತ ಕಿರಣ ತಾಗಿದರೆ ಮುರಿದು, ಸುತ್ತಲಿನ ಪಾಲಿಮರಿನ ಮೇಲೆ ಎರಗುವ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಬಿಸಿಲಲ್ಲೇ ಬದುಕಬೇಕಾದ ಸಾಧನದೊಳಗೆ ಬಿಸಿಲಿಗೆ ಕೆಡುವ ವಸ್ತು! ಅಳಿದುಳಿದ ಡಿಐಒ ಮಾಡುವ ಈ ಹಾನಿಯನ್ನು ಸ್ಪಷ್ಟವಾಗಿ ತೋರಿಸಿದ ಅಧ್ಯಯನಗಳು ಬಂದದ್ದು 2016ರ ಹೊತ್ತಿಗೆ. ಅಷ್ಟರಲ್ಲಿ ಡಿಐಒ ಹಾಕಿದ ಕೋಶಗಳ ದಾಖಲೆಗಳು ಸಾಲುಗಟ್ಟಿದ್ದವು. ಕೋಶ ತಯಾರಾದ ದಿನವೇ ಅಳೆದು ಬರೆದ ದಕ್ಷತೆ, ಬಿಸಿಲಲ್ಲಿ ಕೋಶ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಉಳಿದ ಡಿಐಒವನ್ನು ಮೆಥನಾಲಿನಲ್ಲಿ ತೊಳೆಯಬಹುದು, ನಿರ್ವಾತದಲ್ಲಿಟ್ಟು ಎಳೆಯಬಹುದು. ಆದರೆ ತಯಾರಿಕೆಗೆ ಒಂದು ಹಂತ ಹೆಚ್ಚಾಯಿತಲ್ಲ.

ಆಮೇಲೆ ಫುಲ್ಲರೀನೇ ಹಿಂದೆ ಸರಿಯಿತು. ಚೀನಾದ ಯಿಂಗ್‌ಪಿಂಗ್ ಝೌ ತಂಡ 2019ರಲ್ಲಿ ಪ್ರಕಟಿಸಿದ ವೈ6 ಅಣು ದಕ್ಷತೆಯನ್ನು ಶೇ 15.7ಕ್ಕೆ ಒಯ್ದಿತು, ಡಿಐಒ ಜಾಗಕ್ಕೆ ಕ್ಲೋರೊನ್ಯಾಫ್ತಲೀನ್ ಬಂತು. ಹಳೆಯ ನಿಯಮ ಫುಲ್ಲರೀನ್ ಅಲ್ಲದ ಅಣುಗಳಿಗೆ ನೇರವಾಗಿ ಒಗ್ಗದೆ, ವೈ6 ಬರುವ ಮೊದಲೇ ಮತ್ತೆ ಹುಡುಕಾಟ ಶುರುವಾಗಿತ್ತು. ಈ ಹುಡುಕಾಟದಲ್ಲಿ ನನಗೆ ಮೆಚ್ಚುಗೆಯಾದದ್ದು ಬೀಜಿಂಗಿನ ಜಿಯಾನ್‌ಹುಯಿ ಹೌ ಬಳಗ 2018ರಲ್ಲಿ ತಂದ ಆವಿಯಾಗುವ ಘನ ಅಡಿಟಿವ್. ಅಣುಗಳು ಒತ್ತಾಗಿ ಜೋಡಣೆಯಾಗಲು ನೆರವಾಗಿ, ಬಿಸಿ ಮಾಡಿದೊಡನೆ ಪದರದಿಂದ ಹೊರಟುಹೋಗುತ್ತದೆ. ಹೊರಡುವುದನ್ನೂ ವಿನ್ಯಾಸದ ಭಾಗವಾಗಿ ಮಾಡಿದ ಆಲೋಚನೆ ಇದು. 2023ರಲ್ಲಿ ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಗ್ಯಾಂಗ್ ಲಿ ತಂಡ ಟ್ರೈಕ್ಲೋರೊಬೆಂಜೀನ್ ಬಳಸಿ, ಎರಡೇ ಘಟಕಗಳ ಕೋಶದಲ್ಲಿ ಶೇ 19.31 ಮುಟ್ಟಿತು.

ಇಲ್ಲೂ ಕ್ಲೋರಿನ್ ಬಿಟ್ಟಿಲ್ಲ ಎಂಬುದು ಸಣ್ಣ ಕೊರತೆಯಲ್ಲ. ಇಂಥ ದಾಖಲೆಗಳು ಸಾಮಾನ್ಯವಾಗಿ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ, ಗಿರಗಿರನೆ ತಿರುಗುವ ಗಾಜಿನ ಚೂರಿನ ಮೇಲೆ, ಒಂದು ಚದರ ಸೆಂಟಿಮೀಟರಿಗಿಂತ ಚಿಕ್ಕ ಜಾಗದಲ್ಲಿ ಹುಟ್ಟುತ್ತವೆ. ಸಾವಯವ ಕೋಶದ ದೊಡ್ಡ ಆಸೆಯೋ, ಪತ್ರಿಕೆ ಮುದ್ರಿಸಿದ ಹಾಗೆ ಮಾರುಗಟ್ಟಲೆ ಹಾಳೆಯ ಮೇಲೆ ಅಚ್ಚಾಗುವುದು. ಅಲ್ಲಿ ನಿಧಾನವಾಗಿ ಆರುವ ದ್ರವ ಸುರುಳಿಯ ವೇಗವನ್ನು ತಗ್ಗಿಸುತ್ತದೆ, ಹಾರಿಹೋಗುವ ಘನವಸ್ತುವಿಗೆ ಒಲೆಯೂ ಆವಿ ಹಿಡಿಯುವ ವ್ಯವಸ್ಥೆಯೂ ಬೇಕಾಗುತ್ತದೆ. 2007ರ ಪ್ರಬಂಧ ಈ ಲೆಕ್ಕ ಕೊಡದಿದ್ದುದು ಸಹಜ, ಅದಿನ್ನೂ ಬಾಗಿಲು ತೆರೆಯುತ್ತಿತ್ತು. ಶೇ 19 ದಾಟಿದ ಮೇಲೆ ಬರುವ ಪ್ರಬಂಧಗಳು ಸಾವಿರ ಗಂಟೆ ಬೆಳಕಿನ ನಂತರದ ದಕ್ಷತೆಯನ್ನೂ, ಪದರದಲ್ಲಿ ಎಷ್ಟು ಅಡಿಟಿವ್ ಉಳಿಯಿತೆಂಬುದನ್ನೂ ಮೊದಲ ಕೋಷ್ಟಕದಲ್ಲೇ ಕೊಡಬೇಕು.