ಎರಡು ಬೆಂಕಿಬೆಟ್ಟಗಳ ನಡುವಿನ ದಾರಿ

ಹವಾಯಿಯ ಬಿಗ್ ಐಲ್ಯಾಂಡಿಗೆ ಬಂದವರು ಸಾಮಾನ್ಯವಾಗಿ ಕಡಲತೀರಕ್ಕೆ ಮರುಳಾಗುತ್ತಾರೆ. ಇಲ್ಲಿಗೆ ಹೊಸಬನಾದ ನನಗೆ ಹಿಡಿಸಿದ್ದು ಸ್ಯಾಡಲ್ ರೋಡ್. 4,000 ಮೀಟರ್ ಮೀರಿದ ಮೌನಾ ಕೇಯಾ, ಮೌನಾ ಲೋವಾ ಜ್ವಾಲಾಮುಖಿಗಳ ನಡುವೆ ನುಸುಳುವ ಈ ದಾರಿಯನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಮಾಡಿಸಿತು. ಈಚೆ ಹಿಲೊ ಪಟ್ಟಣದಿಂದ ಹೊರಡುವಾಗ ಮಳೆಗೆ ವೈಪರ್ ಬೇಕು. ಸುಮಾರು 2,000 ಮೀಟರ್ ಎತ್ತರದಲ್ಲಿ ಮಂಜು. ಆಚೆ ಕೋನಾ ಕಡೆಗೆ ಇಳಿದರೆ ಒಣಹುಲ್ಲು, ಬಿಸಿಲು. ವಾಣಿಜ್ಯ ಮಾರುತ ತಂದ ಮೋಡವನ್ನೆಲ್ಲ ಬೆಟ್ಟಗಳು ಈಚೆಯೇ ಹಿಂಡಿಬಿಟ್ಟಿರುತ್ತವೆ.

ನಡುವೆ ಕಾರು ನಿಲ್ಲಿಸಿ ಲಾವಾ ನೋಡಬೇಕು. ಪಹೊಯ್‌ಹೊಯ್ ಎಂಬ ಬಗೆ ನುಣುಪು, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಮಡಿಕೆ ಮಡಿಕೆ. ಆಆ ಎಂಬುದು ಚಪ್ಪಲಿ ಹರಿಯುವಷ್ಟು ಚೂಪು. ಅದರ ಬಿರುಕಿನಲ್ಲೂ ಜರೀಗಿಡ ಚಿಗುರಿತ್ತು!

2022ರಲ್ಲಿ ಮೌನಾ ಲೋವಾ ಸಿಡಿದಾಗ ಲಾವಾ ಈ ರಸ್ತೆಯಿಂದ ಮೂರು ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ನಿಂತಿತು. ಅದನ್ನು ಕಂಡ ಜನವೇ ದಿನಾ ಕೆಲಸಕ್ಕೆ ಇದರಲ್ಲಿ ಓಡಾಡುತ್ತಾರೆ. ಅವರ ಸಮಾಧಾನ ನನಗೆ ಬೆಟ್ಟಕ್ಕಿಂತ ದೊಡ್ಡ ಸೋಜಿಗ. ದಾರಿ ಬಿಟ್ಟುಕೊಟ್ಟರೆ ಹೆಬ್ಬೆರಳು, ಕಿರುಬೆರಳು ಚಾಚಿ ಕೈ ಆಡಿಸುತ್ತಾರೆ. ನನಗೂ ಈಗ ಅದೇ ಅಭ್ಯಾಸ; ಹಾರನ್ ಕೆಲಸ ಮಾಡುತ್ತದೋ ಇಲ್ಲವೋ, ಇನ್ನೂ ಒತ್ತಿ ನೋಡಿಲ್ಲ.